ಕರಿಮುಷ್ಟಿಯ ಕೊನೆಯ ಪುಟ

ಪುಸ್ತಕ ಮೈಲಿಗೆಯಾಗಿತ್ತು. ತಪ್ಪು ಯತ್ತಪ್ಪನದೇ. ದುರ್ಗದ ಬಸ್‌ ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದಿದ್ದ ಕರಿಮುಷ್ಟಿಯ ಚಿತ್ರಕಥೆ ಅವ್ವನ ಕಣ್ಣಿಗೆ ಬೀಳಬಾರದೆಂದು, ಸೂರಿನಡಿ ನೇತುಹಾಕಿದ್ದ ಹಳೇ ಕಂಬಳಿಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದ. ಹೆಂಡತಿ ಚಿತ್ತಮ್ಮ ಮುಟ್ಟಾದಾಗ ಮಾತ್ರ ಹೊದೆಯುವ ಕಂಬಳಿ ಅದು, ಬೇರೆ ಯಾರೂ ಕೈ ಹಚ್ಚುವುದಿಲ್ಲ, ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ ಎಂದು ಅವನ ಲೆಕ್ಕ. ಚಿತ್ತಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಹಟ್ಟಿಯ ಹೊರಗಿನ ಗುಡಿಸಲಿಗೆ ಹೋಗಿ ಕೂತ ಮೇಲೆ ಅವನಿಗೆ ನೆನಪಾಯಿತು. ಬಟ್ಟೆಯಾಗಿದ್ದರೆ ಒಗೆದು ಒಳಗೆ ತರಬಹುದಿತ್ತು. ಪುಸ್ತಕವನ್ನು ಒಗೆಯುವುದು ಹೇಗೆ?

ಬೆಳಿಗ್ಗೆ ಅವ್ವ ನೀರಿಗೆ ಹೋದದ್ದನ್ನು ನೋಡಿಕೊಂಡು ಯತ್ತಪ್ಪ ಗುಡಿಸಲಿನತ್ತ ಬಂದ. ಗಡಿಗೆಂದು ಸಾಲಾಗಿ ನೆಟ್ಟಿದ್ದ ಕಲ್ಲುಗಳ ಈಚೆಗೇ ನಿಂತು ಕೇಳಿದ.

"ಲೇ, ಕೊನೀಗೇನಾತು?"

"ಇನ್ನೂ ಓದಿಲ್ಲ."

"ಸುಳ್ಳು ಹೇಳಬ್ಯಾಡ. ಅಲ್ಲಿ ನಿಂಗೆ ಬ್ಯಾರೆ ಏನು ಕೆಲಸ ಐತೆ?"

ಅವನ ಮಾತು ನಿಜ. ತಾಳ್ಯದ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಚಿತ್ತಮ್ಮ ತನಗಾಗಿ ಓದಿಕೊಳ್ಳುತ್ತಿದ್ದದ್ದು ಈ ಗುಡಿಸಲಿನಲ್ಲಿ ಮಾತ್ರ. ಮನೆಯಲ್ಲಿ ಓದುವುದೆಲ್ಲ ಗಂಡನಿಗಾಗಿ. ಯತ್ತಪ್ಪನಿಗೆ ಓದಲು ಬಾರದು. ಅವನು ಚಿತ್ರ ನೋಡಬೇಕು, ಅವಳು ಅಕ್ಷರ ಓದಿ ಹೇಳಬೇಕು. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಕರಿಮುಷ್ಟಿ ಬರಿಗೈಯಲ್ಲೇ ಹೊಡೆದು ಕೆಡಹುವವನು. ಅವನನ್ನು ಪೊಲೀಸರೂ ಹುಡುಕುತ್ತಿದ್ದರು, ಕಳ್ಳರೂ ಹುಡುಕುತ್ತಿದ್ದರು. ಅವನು ಯಾರಿಗೂ ಉತ್ತರ ಕೊಡುವವನಲ್ಲ. ಅವನ ಕಥೆ ಕೇಳುತ್ತ ಕೇಳುತ್ತ ಯತ್ತಪ್ಪ ಕುರಿರೊಪ್ಪದ ಹಿಂದೆ ಅಂಗೈ ಅಂಚಿನಿಂದ ಹೆಂಚು ಒಡೆಯುವುದನ್ನು ಕಲಿತಿದ್ದ. ಕೈ ಊದಿಕೊಂಡಾಗೆಲ್ಲ ಅರಿಶಿನ ಅರೆದು ಹಚ್ಚುವುದು ಚಿತ್ತಮ್ಮನ ಕೆಲಸ.

"ಬಿರ್ರನೆ ಓದು. ನಿಮ್ಮಣ್ಣ ಬರೋ ಹೊತ್ತಾತು. ಮೂರ್ತಿ ಯಾಕೆ ಮಾರ್ದೆ ಅಂತ ಗುರು ಬಂದು ಕೇಳ್ದಾಗ ಕರಿಮುಷ್ಟಿ ಏನ್ಮಾಡ್ದ, ಅಷ್ಟು ಹೇಳು ಸಾಕು. ನಾನೂ ಅದನ್ನೇ ಮಾಡ್ತೀನಿ."

ಚಿತ್ತಮ್ಮ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು. ತವರಿನವರು ಅವಳಿಗೆಂದು ಬಳುವಳಿ ಕೊಟ್ಟು ಕಳಿಸಿದ್ದ ಕುರಿಗಳನ್ನು ಯತ್ತಪ್ಪ ಒಂದು ಮಾತೂ ಹೇಳದೆ ಹಿರಿಯೂರಿನ ಸಂತೆಯಲ್ಲಿ ಮಾರಿ ಬಂದಿದ್ದ. ಅದನ್ನು ಕೇಳಲೆಂದೇ ಅಣ್ಣ ಕಾಟಲಿಂಗಪ್ಪ ಹೊರಕೆರೆದೇವಪುರದಿಂದ ಹೊರಟಿದ್ದ. ಮೆತ್ತಗಿನ ಮನುಷ್ಯ, ಕೆಮ್ಮಿನವನು. ಒಂದೇ ಏಟಿಗೆ ಉರುಳಿಬಿಡುತ್ತಾನೆ. ಆಮೇಲೆ ಅವಳಿಗೆ ತವರೂ ಇಲ್ಲ.

ಪುಸ್ತಕದಲ್ಲಿ ಆದದ್ದು ಅದೇ. ಕರಿಮುಷ್ಟಿ ಗುರುವಿನ ಬಂಗಾರದ ಮೂರ್ತಿ ಕದ್ದು ಮಾರಿದ್ದ. ಕೇಳಲು ಬಂದ ಗುರುವನ್ನು ಕೊಂದ, ಬಗ್ಗಿ ಹೆಣದ ಕಾಲಿನ ಕಡಗವನ್ನೂ ಕಿತ್ತುಕೊಂಡು ಹೋದ. ನಿಜ ಹೇಳಬೇಕೆಂದರೆ ಚಿತ್ತಮ್ಮನಿಗೆ ಆ ಕೊನೆ ಹಿಡಿಸಿತ್ತು. ಯಾರ ಅಪ್ಪಣೆಯನ್ನೂ ಕಾಯದವನು. ಓದಿ ಮುಗಿಸಿದ ಮೇಲೆ ಅವಳೂ ತನ್ನ ಅಂಗೈ ಅಂಚಿನಿಂದ ಗುಡಿಸಲಿನ ಮಣ್ಣುಗೋಡೆಗೆ ಒಂದು ಕೊಟ್ಟು ನೋಡಿದ್ದಳು. ಗೋಡೆಯಿಂದ ಒಂದಿಷ್ಟು ಮಣ್ಣು ಉದುರಿತ್ತು.

ಅವಳು ಪುಸ್ತಕದ ಕೊನೆಯ ಪುಟ ತೆಗೆದು ಅವನಿಗೆ ಕಾಣುವಂತೆ ಎತ್ತಿ ಹಿಡಿದಳು.

"ನೋಡ್ರಿ. ಗುರುವಿನ ಕಾಲಿಗೆ ಬಿದ್ದಾನೆ."

ಯತ್ತಪ್ಪ ಕಣ್ಣು ಕಿರಿದು ಮಾಡಿದ. "ಕರಿಮುಷ್ಟಿನಾ?"

"ಅವನೇ. ಕಾಲು ಹಿಡ್ಕಂಡಾನೆ, ಕಾಣಂಗಿಲ್ವಾ?"

"ಕಾಣ್ತೈತೆ. ಗುರು ಯಾಕೆ ಮಲಗ್ಯಾನೆ?"

"ವಯಸ್ಸಾಗೈತೆ. ಅಷ್ಟು ದೂರದಿಂದ ನಡಕಂಡು ಬಂದಾನೆ, ಸುಸ್ತಾಗಿ ಒರಗ್ಯಾನೆ."

"ಅದೇನು ಎದೆ ಮ್ಯಾಲೆ ಕೆಂಪಗೆ?"

"ಶಾಲು."

ಯತ್ತಪ್ಪ ಕಲ್ಲಿನ ಮೇಲೆ ಒಂದು ಕಾಲಿಟ್ಟು ಬಗ್ಗಿ ನೋಡಿದ. ಮೈಲಿಗೆಯ ನೆನಪಾಗಿ ಕಾಲು ಹಿಂದಕ್ಕೆ ತೆಗೆದ. "ಏನಂತಾನೆ? ಬರದಿರೋದನ್ನ ಓದು."

ಚಿತ್ತಮ್ಮ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು, ಪುಸ್ತಕದ ಭಾಷೆಯಲ್ಲೇ, ತಡೆದು ತಡೆದು ಓದಿದಳು. "'ಅದು ನನ್ನದಾಗಿರಲಿಲ್ಲ. ಕೇಳದೆ ಮಾರಿದ್ದು ತಪ್ಪು. ಕೇಳಿದ್ದರೆ ತಾವೇ ಕೊಡುತ್ತಿದ್ದಿರಿ. ಹೊಡೆಯುವ ಕೈ ಎಲ್ಲರಿಗೂ ಇದೆ. ತಪ್ಪಾಯಿತು ಎನ್ನಲು ಗಂಡಸ್ತನ ಬೇಕು.'"

ಕುರಿ ಮಾರಿ ಬಂದ ಸಂಜೆ, ಒಲೆ ಮುಂದೆ ಕೂತು ಇದನ್ನೇ ಅವಳು ಅವನಿಗೆ ಹೇಳಿದ್ದಳು, ಹಟ್ಟಿಯ ಮಾತಿನಲ್ಲಿ. ಹೇಳಿ ಮುಗಿಸುವುದರೊಳಗೆ ಆ ಹೆಂಚು ಒಡೆಯುವ ಕೈ ಅವಳ ಭುಜದ ಮೇಲೆ ಬಿದ್ದಿತ್ತು.

ಯತ್ತಪ್ಪ ನೆಲ ನೋಡುತ್ತ ನಿಂತಿದ್ದ. ಒಂದೇ ಉಸಿರಿನಲ್ಲಿ ತಾನು ಕರಿಮುಷ್ಟಿಯನ್ನು ಸಾಧು ಮಾಡಿಬಿಟ್ಟೆನಲ್ಲ ಎಂದು ಚಿತ್ತಮ್ಮನಿಗೆ ಒಳಗೊಳಗೇ ಒಂದು ಸಂಕಟವೂ ಆಯಿತು, ನಗುವೂ ಬಂತು.

"ಇನ್ನೊಂದ್ಸಲ ಓದು," ಎಂದ.

ಅವಳು ಮತ್ತೆ ಓದಿದಳು. ಈ ಸಲ ತಡೆಯಲಿಲ್ಲ.

"ಆತು ಬಿಡು. ನಮ್ಮ ಹಿಂಡಿನಾಗೆ ಒಳ್ಳೇವು ನೋಡಿ ನಿನ್ನ ಕುರಿ ನಿಂಗೆ ಬಿಡ್ತೀನಿ. ಭಾವನ ಮುಂದೆನೇ ಹೇಳ್ತೀನಿ." ಎರಡು ಹೆಜ್ಜೆ ಹೋದವನು ನಿಂತು, ಕರಿಮುಷ್ಟಿ ಎದುರಿಗೇ ಇದ್ದಾನೇನೋ ಎಂಬಂಥ ಭಕ್ತಿಯಿಂದ ಪುಸ್ತಕದ ಕಡೆ ನೋಡಿದ.

"ಎಂಥಾ ಮಾತು ಆಡ್ಯಾನೆ ನೋಡು. ಇಂಥದ್ದೊಂದು ಬುದ್ಧಿಮಾತು ಹೇಳೋರು ನಮ್ಮನ್ಯಾಗೆ ಒಬ್ರಾದ್ರೂ ಇದ್ದಿದ್ರೆ, ನಾನ್ಯಾಕೆ ನಿನ್ನ ಮ್ಯಾಲೆ ಕೈ ಮಾಡ್ತಿದ್ದೆ ಹೇಳು?"