ಮೊದಲ ದಿನದ ಮೇಷ್ಟ್ರು

ಪಶು ಆಸ್ಪತ್ರೆಯ ನಿವೃತ್ತ ಕಾಂಪೌಂಡರ್ ತಿಪ್ಪೇರುದ್ರಪ್ಪನವರಿಗೆ ಜನರೆದುರು ಮಾತಾಡಲು ಭಯ. ಅದು ಹೋಗಲೆಂದು, ಸಿದ್ಧತೆಯಿಲ್ಲದೆ ಸ್ಥಳದಲ್ಲೇ ಹಾಸ್ಯ ಕಟ್ಟುವುದನ್ನು ಕಲಿಸುವ ತರಗತಿಗೆ ಸೇರಿದರು. ಮೊದಲ ದಿನ ಎಲ್ಲರಿಗಿಂತ ಮುಂಚೆ ಹೋಗಿ ನಿಂತಿದ್ದರು.

"ನಮಸ್ಕಾರ ಸಾರ್, ನೀವೇ ಮೇಷ್ಟ್ರಾ?" ಎಂದಳು ಒಳಬಂದ ಹುಡುಗಿ.

ಗಾಬರಿಯಲ್ಲಿ ಹೌದೆಂದು ತಲೆಯಾಡಿಸಿಬಿಟ್ಟರು.

ಹತ್ತು ಜನ ಬಂದು ಎದುರು ಕೂತರು. ಏನು ಕಲಿಸುವುದೆಂದು ತೋಚದೆ, "ನೀವೆಲ್ಲ ಎಮ್ಮೆಗಳು. ನಾನು ಔಷಧಿ ಕುಡಿಸ್ತೀನಿ, ನೀವು ಕುಡೀಬಾರದು" ಎಂದರು. ಒಂದು ಗಂಟೆ ಕೋಣೆ ತುಂಬ ಒದೆತ, ಕೂಗಾಟ, ನಗು. ಕೊನೆಗೆ ಚಪ್ಪಾಳೆ ಬಿದ್ದಾಗ ಅವರಿಗೆ ಅಳುವೇ ಬಂತು.

"ಕ್ಷಮಿಸ್ಬೇಕು. ನಾನು ಮೇಷ್ಟ್ರಲ್ಲ, ನಿಮ್ಮ ಹಾಗೆ ಕಲಿಯೋಕೆ ಬಂದೋನು."

ಇನ್ನೂ ನಾಲ್ಕು ಕಾಲಲ್ಲೇ ನಿಂತಿದ್ದ ಗಡ್ಡದವರೊಬ್ಬರು ಮೊಣಕಾಲಿನ ಧೂಳು ಒರೆಸಿಕೊಳ್ಳುತ್ತ ಎದ್ದರು.

"ಮೇಷ್ಟ್ರು ನಾನು. ನಾಳೆ ಯಾವ ಪ್ರಾಣಿ, ಸಾರ್?"