ಬಾಗಿಲ ಬಳಿಯ ಗೋಣಿತಟ್ಟು

ಈಗಲೂ ಎಲ್ಲಾದರೂ ಒಣದ್ರಾಕ್ಷಿ ಕುದಿಯುವ ವಾಸನೆ ಬಂದರೆ ನನಗೆ ಗೋಗಿಯ ನಮ್ಮ ಚರ್ಚಿನ ಹೊಸ್ತಿಲು ನೆನಪಾಗುತ್ತದೆ.

ತಿಂಗಳ ಮೊದಲ ಭಾನುವಾರ ಪಾಸ್ಟರು ಶಹಾಪುರದ ಆರಾಧನೆ ಮುಗಿಸಿ ಮಧ್ಯಾಹ್ನ ನಮ್ಮೂರಿಗೆ ಬರುತ್ತಿದ್ದರು. ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬೇಕಾದ ದ್ರಾಕ್ಷಿರಸವನ್ನು ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದವಳು ನನ್ನ ಸೋದರತ್ತೆ. ಪೋಲಿಯೊದಿಂದ ಅವಳ ಎರಡೂ ಕಾಲು ಸೋತಿದ್ದವು. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ರಸ ತೆಗೆದುಕೊಳ್ಳುವಾಗ ಅವಳು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಗೋಣಿತಟ್ಟಿನ ಮೇಲೆ ಕೂತಿರುತ್ತಿದ್ದಳು. ಕೊನೆಗೆ ಅವಳಿದ್ದಲ್ಲಿಗೇ ಬಟ್ಟಲು ಬರುತ್ತಿತ್ತು.

ಒಂದು ಭಾನುವಾರ ಅದು ಬರಲಿಲ್ಲ. ರಸ ಮುಗಿದುಹೋಗಿತ್ತು. ಆಶೀರ್ವಾದವೂ ಆಗಿ ಮಂದಿ ಏಳತೊಡಗಿದ್ದರು. ಪಾಸ್ಟರು ಬಂದು ಎಂದಿನಂತೆ ಅವಳ ತಲೆಯ ಮೇಲೆ ಕೈಯಿಟ್ಟು, "ಕರ್ತ ನಿನ್ನ ಕಾಲು ಆರಾಮ ಮಾಡ್ತಾನ ತಂಗಿ, ನಂಬಿಕಿ ಬಿಡಬ್ಯಾಡ" ಅಂದರು.

ಅತ್ತೆ ತಲೆ ಎತ್ತಿದಳು. ಅವಳ ಬೆರಳುಗಳಲ್ಲಿ ದ್ರಾಕ್ಷಿಯ ಕಂದು ಕಲೆ ಇನ್ನೂ ಇತ್ತು.

"ಕಾಲಿನ ಮಾತು ಇರಲ್ರಿ ಅಯ್ಯಾರ. ಇವತ್ತ ನನಗ ರಸ ಮುಟ್ಟಲಿಲ್ಲ. ಮನ್ಯಾಗ ದ್ರಾಕ್ಷಿ ಅದಾವ, ಮತ್ತ ಕುದಸ್ಲೇನ್ರಿ?"

ಪಕ್ಕಕ್ಕೆ ಬಂದಿದ್ದ ನನ್ನ ಅಜ್ಜಿ ಗಾಬರಿಯಾಗಿ, "ಸುಮ್ನಿರವಾ" ಎಂದು ಅವಳ ಸೆರಗು ಜಗ್ಗಿದಳು.

ಪಾಸ್ಟರ ಕೈ ಅವಳ ತಲೆಯಿಂದ ಜಾರಿತು. ಆಮೇಲೆ ಚಪ್ಪಲಿಗಳನ್ನು ಸರಿಸಿ, ಬಿಳಿ ನಿಲುವಂಗಿಯಲ್ಲೇ ಅವಳ ಪಕ್ಕ ನೆಲಕ್ಕೆ ಕೂತು, ಹೊರಟಿದ್ದ ಮಂದಿಯ ಕಡೆ ನೋಡಿದರು.

"ಕುಂದರ್ರಿ ಎಲ್ಲಾರೂ. ಊಟ ಇನ್ನಾ ಮುಗಿದಿಲ್ಲ."