ಮೊದಲ ನೀರು

ಇವತ್ತೂ ಕೂದಲು. ತೊಟ್ಟಿಯ ಬಿಸಿನೀರಿನ ಮೇಲೆ ಬೆಳ್ಳಗೆ, ಗಿಡ್ಡಗೆ ತೇಲುತ್ತಿತ್ತು. ರಾಮುನೆ ಟವೆಲು ಬಿಗಿಯಾಗಿ ಸುತ್ತಿಕೊಂಡು ಹಿಂದಕ್ಕೆ ಸರಿದಳು. ಥೂ! ಸಾಲದ್ದಕ್ಕೆ ನೀರಿನಿಂದ ಮಂಡಿನೋವಿನ ಎಣ್ಣೆಯ ವಾಸನೆ ಬೇರೆ.

ಈ ಮನೆಯಲ್ಲಿ ಎಲ್ಲರೂ ತೊಟ್ಟಿಯ ಹೊರಗೆ ಮೈ ತೊಳೆದುಕೊಂಡು, ಒಬ್ಬರಾದ ಮೇಲೊಬ್ಬರು ಅದೇ ನೀರಿಗೆ ಇಳಿಯುತ್ತಾರೆ. ಲಿಥುವೇನಿಯಾದಿಂದ ವರ್ಷದ ಮಟ್ಟಿಗೆ ಓದಲು ಬಂದ ಹುಡುಗಿಗೆ ಅದನ್ನು ಒಪ್ಪುವುದೇ ಕಷ್ಟವಾಗಿತ್ತು. ಒಪ್ಪಿದ್ದು ಒಂದೇ ಧೈರ್ಯದ ಮೇಲೆ. ಬಂದ ದಿನವೇ ಮನೆಯೊಡತಿ ಮಿಸಾವೊ, "ಅತಿಥಿಗೇ ಮೊದಲ ಸರದಿ ಕಣೇ, ಆಮೇಲೆ ನಾವು" ಎಂದಿದ್ದಳು. ಮೊದಲ ವಾರ ನೀರು ಗಾಜಿನಂತೆ ತಿಳಿಯಾಗಿತ್ತು. ಆಮೇಲೆ ಯಾರೋ ಅವಳಿಗಿಂತ ಮುಂಚೆ ಇಳಿದು ಎದ್ದು ಹೋಗತೊಡಗಿದರು.

ಯಾರೋ ಏನು ಬಂತು, ಮಿಸಾವೊಳ ಮಾವ ಇಸಾಮು ಅಜ್ಜನೇ. ಗಂಡ ಹಡಗಿನ ಕೆಲಸದವನು, ಮನೆಗೆ ಬರುವುದೇ ಅಪರೂಪ. ಉಳಿದವರಲ್ಲಿ ಬಿಳಿ ಕೂದಲಿದ್ದದ್ದು ಒಂದೇ ತಲೆಯಲ್ಲಿ.

ಮೊದಲ ದಿನ ಅವಳ ಹೆಸರು ಕೇಳಿ ಅಜ್ಜ ಬಿದ್ದು ಬಿದ್ದು ನಕ್ಕಿದ್ದ. ಇಲ್ಲಿಯ ಭಾಷೆಯಲ್ಲಿ ಗೋಲಿ ಸೋಡಾಕ್ಕೆ ರಾಮುನೆ ಎಂದೇ ಹೆಸರಂತೆ. ಅಂದಿನಿಂದ ಅವನ ಬಾಯಲ್ಲಿ ಅವಳು ಗೋಲಿ ಸೋಡಾ. ಸಂಜೆ ಬಚ್ಚಲಮನೆಯ ಕಡೆಯಿಂದ ಬರುತ್ತಿದ್ದ, ಕುತ್ತಿಗೆ ಇನ್ನೂ ಒದ್ದೆ ಒದ್ದೆ. "ನೀರು ಮೆತ್ತಗಾಯ್ತು, ಹೋಗು ಗೋಲಿ ಸೋಡಾ" ಎಂದು ಹಲ್ಲು ಬಿಡುತ್ತಿದ್ದ. ಕದ್ದು ಇಳಿದದ್ದಲ್ಲದೆ ಈ ನಗು ಬೇರೆ!

ಊಟದ ಮೇಜಿನಲ್ಲಂತೂ ಅವನ ಎದುರು ಕೂರುವುದೇ ಶಿಕ್ಷೆ. ಅದರದೇ ಮೈಯ ಕಪ್ಪು ಮಸಿಯಲ್ಲಿ ಊರಹಾಕಿದ ಹಸಿ ಬೊಂಡಾಸ್ ಮೀನನ್ನು ಸೊರ್ರನೆ ಎಳೆದುಕೊಳ್ಳುತ್ತಿದ್ದ. ತುಟಿ, ಹಲ್ಲು ಎಲ್ಲ ಕಪ್ಪು. ಎಳೆದುಕೊಳ್ಳುತ್ತಲೇ ಇನ್ನೊಂದು ಕೈಯಿಂದ ತೋಳು ಕೆರೆದುಕೊಳ್ಳುತ್ತಿದ್ದ. ತೋಳಿನ ತುಂಬ ಕೆಂಪು ಬರೆ. ಕೆರೆದಲ್ಲೆಲ್ಲ ಹೊಟ್ಟು ಉದುರುತ್ತಿತ್ತು. ಆ ತೋಳೇ ದಿನಾ ತನ್ನ ನೀರಿನಲ್ಲಿ ಅದ್ದಿ ಹೋಗುತ್ತದೆ ಎಂದು ನೆನೆದು ರಾಮುನೆ ಅರ್ಧ ಅನ್ನ ಬಿಟ್ಟು ಏಳುತ್ತಿದ್ದಳು.

ಅಸಹ್ಯಕ್ಕಿಂತ ಹೆದರಿಕೆ ದೊಡ್ಡದು. ಅವಳದ್ದು ಮೊದಲೇ ನಾಜೂಕು ಚರ್ಮ. ಬಂದ ವಾರವೇ ಮೊಣಕೈವರೆಗೆ ಕೆಂಪಗೆ ಎದ್ದು ಉರಿದಿತ್ತು. ವಿಡಿಯೊದಲ್ಲಿ ನೋಡಿದ ಅಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದ್ಸಲ ಹೀಗಾದ್ರೆ ಮಾತಿಲ್ಲ ಕತೆಯಿಲ್ಲ, ವಿಮಾನ ಹತ್ತಿ ವಾಪಸ್ ಬಾ." ಅಜ್ಜನೂ ಆಗ ಅವಳ ಕೈ ಹಿಡಿದು, ತಿರುಗಿಸಿ ನೋಡಿ, ಲೊಚಗುಟ್ಟಿದ್ದ. ಸದ್ಯ, ಊರಿನಿಂದ ತಂದ ಮುಲಾಮು ನಾಟಿತು, ಉರಿ ಇಳಿಯಿತು. ಈಗ ಮುದುಕನ ಕಜ್ಜಿ ಅಂಟಿದರೆ ಮುಗಿಯಿತು. ಶಾಲೆ, ಗೆಳತಿಯರು, ಎರಡು ವರ್ಷ ಕಾದು ಗಿಟ್ಟಿಸಿದ ಅವಕಾಶ ಎಲ್ಲವೂ ನೀರುಪಾಲು.

ಅವತ್ತು ಅವಳು ತೊಟ್ಟಿಗೆ ಇಳಿಯಲೇ ಇಲ್ಲ. ಒದ್ದೆ ಕೂದಲಲ್ಲೇ ಬಂದು ಊಟದ ಮೇಜಿನ ಮುಂದೆ ನಿಂತಳು.

"ಮಿಸಾವೊ ಅಮ್ಮ, ನನಗೇ ಮೊದಲ ಸರದಿ ಅಂದಿದ್ರಲ್ಲ?"

ಮಿಸಾವೊ ಮಾವನ ಮುಖ ನೋಡಿದಳು. ಮಾವ ಬಟ್ಟಲು ನೋಡಿದ.

"ಅಜ್ಜ ದಿನಾ ನನಗಿಂತ ಮುಂಚೆ ಇಳೀತಾರೆ. ನೀರಲ್ಲಿ ಕೂದಲು, ವಾಸನೆ... ಅವರ ಕೈ ನೋಡಿ! ನನಗೆ ಹೇಸಿಗೆ ಆಗುತ್ತೆ."

ಮಿಸಾವೊ ಏನೋ ಹೇಳಲು ಬಾಯಿ ತೆರೆದಳು. ಅಜ್ಜ ಕೈಯೆತ್ತಿ ತಡೆದ. ಕುರ್ಚಿಯಿಂದ ಎದ್ದು, ನಡುಬಗ್ಗಿಸಿ, ತಲೆ ತಗ್ಗಿಸಿದ.

"ತಪ್ಪಾಯ್ತಮ್ಮ. ನಾಳೆಯಿಂದ ಗೋಲಿ ಸೋಡಾನೇ ಮೊದಲು."

ತಪ್ಪು ಒಪ್ಪಿಕೊಂಡನಲ್ಲ ಕಳ್ಳ ಮುದುಕ! ಮರುದಿನ ಸಂಜೆ ತೊಟ್ಟಿಯ ತಳದ ಹೆಂಚು ಹೊಳೆಯುತ್ತಿತ್ತು. ಕೂದಲಿಲ್ಲ, ವಾಸನೆಯಿಲ್ಲ. ರಾಮುನೆ ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿದಳು. ನೀರು ಸ್ವಲ್ಪ ಚುರುಗುಟ್ಟಿತು. ಗೆದ್ದ ಖುಷಿಯಲ್ಲಿ ಅವಳು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಆ ವಾರ ಕಳೆಯುವುದರೊಳಗೆ ತುರಿಕೆ ಶುರುವಾಯಿತು. ಮೊದಲು ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಕುತ್ತಿಗೆ. ಊರಿನ ಮುಲಾಮು ಮೆತ್ತಿ ಮೆತ್ತಿ ಡಬ್ಬಿ ಬರಿದಾಯಿತು. ಉರಿ ಒಂದಿಷ್ಟೂ ಇಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಉದ್ದ ತೋಳಿನ ಅಂಗಿ ಹಾಕಿಕೊಂಡು ತಿಂಡಿಗೆ ಕೂತಳು. ಕಣ್ಣಲ್ಲಿ ನೀರು.

"ಅಂಟಿಸಿಬಿಟ್ರಿ," ಎಂದಳು ಅಜ್ಜನಿಗೆ, ಅಂಗಿಯ ತೋಳು ಮೇಲೆ ಸರಿಸಿ ತೋರಿಸಿ. "ನಿಮ್ಮ ರೋಗ ನನಗೆ ಅಂಟಿಸಿಬಿಟ್ರಿ. ಊರಲ್ಲಿ ನನ್ನಮ್ಮ ನೋಡಿದ್ರೆ ನಾನಿನ್ನು ಇಲ್ಲಿರಲ್ಲ. ಇವತ್ತೇ ಬೇರೆ ಮನೆ ಕೊಡಿ ಅಂತ ಶಾಲೆಗೆ ಫೋನ್ ಮಾಡ್ತೀನಿ."

ಎಂದಿನಂತೆ ಕಪ್ಪು ಬೊಂಡಾಸ್ ಅಜ್ಜನ ಮುಂದಿತ್ತು, ಮುಟ್ಟಲಿಲ್ಲ. ಮೇಜಿನ ಮೇಲೆ ಮಡಚಿಟ್ಟ ಅವನ ತೋಳುಗಳನ್ನು ರಾಮುನೆ ಆಗ ನೋಡಿದಳು. ಬರೆ ಮಾಸಿತ್ತು, ಹೊಟ್ಟು ಉದುರಿ ಹೊಸ ಚರ್ಮ ಬಂದಿತ್ತು. ಕೂತಾಗಿನಿಂದ ಅವನು ಒಂದು ಸಲವೂ ಕೆರೆದುಕೊಂಡಿರಲಿಲ್ಲ. ಅವನು ಮೆಲ್ಲಗೆ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಮನೆಯತ್ತ ನಡೆದ. ಒಳಗೆ ನೀರು ಬಿಡುವ ಸದ್ದು ಕೇಳಿತು.

"ಬೆಳಿಗ್ಗೆ ಬೆಳಿಗ್ಗೆ ಈಗ್ಯಾಕೆ ಸ್ನಾನ ಅವರಿಗೆ?" ರಾಮುನೆ ಸಿಡುಕಿದಳು.

ಮಿಸಾವೊ ಅವಳ ತೋಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಹುಡುಗಿಗೆ ಹೇಳ್ಬೇಡ, ಸುಮ್ನೆ ಋಣ ಅಂತ ಹೊತ್ಕೊಂಡು ಓಡಾಡ್ತಾಳೆ ಅಂದಿದ್ರು ಮಾವ. ನಾನೂ ಬಾಯಿ ಮುಚ್ಕೊಂಡಿದ್ದೆ, ಇನ್ನಾಗಲ್ಲ.

"ನಲ್ಲಿಯಿಂದ ಬಂದ ಕ್ಲೋರಿನ್ ಹಾಕಿದ ಹೊಸ ನೀರು ಮೊದಲು ಇಳಿದವರ ಮೈ ಕಚ್ಚುತ್ತೆ ಕಣೇ, ಒಬ್ಬರು ಇಳಿದೆದ್ದ ಮೇಲೇ ಮೆತ್ತಗಾಗೋದು, ವಯಸ್ಸಾದವರಂತೂ ಇಳೀಲೇಬಾರ್ದು ಅಂತಾರೆ, ಬಂದ ವಾರ ನಿನ್ನ ಕೈ ನೋಡಿದ್ರಲ್ಲ, ಅವತ್ತಿಂದ ದಿನಾ ಮಾವನೇ ಮೊದಲು ಇಳಿದು ಕಚ್ಚಿಸ್ಕೊಂಡು ಬರ್ತಿದ್ರು."